ಹದಿನಾಲ್ಕನೇ ಚೌಕ

ಭಾನುವಾರ ಬೆಳಿಗ್ಗೆ ಏಳೂವರೆಗೆ ಗುಬ್ಬಿ ಊರಿನ ಮನೆಯ ಮುಂದೆ ತಾರಿಖ್‌ನ ಗೂಡ್ಸ್ ಆಟೋ ಬಂದು ಹಾರ್ನ್ ಹೊಡೆದಾಗ ಶಿವಮೂರ್ತಿ ಇನ್ನೂ ಥರ್ಮಾಕೋಲಿನ ಹದಿನಾಲ್ಕನೇ ಚೌಕವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡುತ್ತಿದ್ದ. ಮೇಲಿಂದ ನೋಡಿದರೆ ಒಂದಡಿ ಉದ್ದ ಒಂದಡಿ ಅಗಲದ ಬರೀ ಹುಲ್ಲುಗಾವಲು. ಮಧ್ಯದಲ್ಲಿ ಒಂದು ಕಾಲುದಾರಿ, ಕಾಲುದಾರಿಯ ಕೊನೆಗೆ ಕಾಲುವೆ, ಅದರ ಮೇಲೊಂದು ಕಲ್ಲಿನ ಸೇತುವೆ. ಯಾರಿಗೂ ಏನೂ ಅನ್ನಿಸುವುದಿಲ್ಲ. ಆದರೆ ಚೌಕವನ್ನು ಕಣ್ಣಿಗೆ ಸಮವಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರೆ ಸೇತುವೆ ಮಾಯ. ನಡುವೆ ನೆಲ ಒಂಬತ್ತು ಮಿಲಿಮೀಟರು ಉಬ್ಬಿ, ಆಚೆಗೆ ಮೆಲ್ಲಗೆ ತಗ್ಗಿಗೆ ಇಳಿದಿತ್ತು. ಆ ಉಬ್ಬನ್ನು ತರಲು ಅವನು ನಾಲ್ಕು ವಾರ ತೆಗೆದುಕೊಂಡಿದ್ದ. ಉಳಿದ ಇಪ್ಪತ್ತಮೂರು ಚೌಕಗಳಿಗೆ ಸೇರಿ ಐದು ತಿಂಗಳು. "ರೀ, ಆಟೋ ಬಂತು. ಅದ್ನೇನು ಮುತ್ತಿಕ್ತೀರಾ?" ಅಂದಳು ನೇತ್ರಾವತಿ ಒಳಗಿಂದ. ಐದು ತಿಂಗಳಿಂದ ಅವಳ ರಾಗಿ ಹಿಟ್ಟಿನ ಡಬ್ಬಿಯೊಳಗೂ ಥರ್ಮಾಕೋಲಿನ ಬಿಳಿ ಕಾಳು ಸಿಗುತ್ತಿದ್ದವು. ಸೋಸಿದ ಟೀ ಪುಡಿಯನ್ನು ಅವಳು ಚೆಲ್ಲುವ ಹಾಗಿರಲಿಲ್ಲ, ಅದು ಒಣಗಿ ಹೊಲದ ಮಣ್ಣಾಗಬೇಕಿತ್ತು. ಪಾತ್ರೆ ತಿಕ್ಕುವ ಹಸಿರು ನಾರು ಎರಡೇ ದಿನಕ್ಕೆ ಪೊದೆಯಾಗಿಬಿಡುತ್ತಿತ್ತು. "ಅವ್ರಿಗೋಸ್ಕರ ಇಷ್ಟೊಂದು ಸಾಯ್ತೀರಲ್ಲ, ಒಂದು ದಿನಾನಾದ್ರೂ ನಿಮ್ಮನ್ನ ಆಡಕ್ಕೆ ಕರ್ದವ್ರಾ?" ಎಂದು ಕಳೆದ ವಾರ ಕೇಳಿದ್ದಳು. ಈ ಸಲ ಅವರಿಗೋಸ್ಕರವೇ ಮಾಡ್ತಿದೀನಿ ಕಣೇ, ಬರೀ ಅವನೊಬ್ಬನಿಗೋಸ್ಕರ, ಎಂದು ಒಳಗೊಳಗೇ ಅಂದುಕೊಂಡು ನಕ್ಕಿದ್ದ.

ಅವನು ಅಂದರೆ ರವಿಕಿರಣ್. ತುಮಕೂರಿನ ಕಾಲೇಜಿನಲ್ಲಿ ಸಿವಿಲ್ ವಿಭಾಗದ ಪ್ರೊಫೆಸರು. ಶಿವಮೂರ್ತಿ ಅದೇ ವಿಭಾಗದ ಸರ್ವೆ ಲ್ಯಾಬಿನ ಅಟೆಂಡರು, ಹತ್ತೊಂಬತ್ತು ವರ್ಷದಿಂದ. ಬಾಯಲ್ಲಿ ಸಾರ್, ಬನ್ನಿ, ಕೂತ್ಕೊಳ್ಳಿ. ಮನಸ್ಸಿನಲ್ಲಿ ಒಂದು ವರ್ಷದಿಂದ ಅವನು, ಇವನು. ರವಿಕಿರಣನಿಗೆ ಗೊಂಬೆ ಸೈನಿಕರ ಹುಚ್ಚು. ಸಿಪ್ಪೆ ಸುಲಿಯದ ಕಡಲೆಕಾಯಿಯಷ್ಟು ಎತ್ತರದ ಸಿಪಾಯಿಗಳು, ಕುದುರೆಗಳು, ಫಿರಂಗಿಗಳು. ಒಂದೊಂದಕ್ಕೂ ಕೂದಲೆಳೆಯಂಥ ಬ್ರಷ್ಷಿನಲ್ಲಿ ಗುಂಡಿ, ಮೀಸೆ ಬಿಡಿಸಿ, ದೊಡ್ಡ ಮೇಜಿನ ಮೇಲೆ ದಾಳ ಹಾಕಿ ಟೇಪು ಹಿಡಿದು ಯುದ್ಧ ಆಡುವುದು. ಆಡುವವರು ಐದಾರು ಜನ. ಮೊದಲೆಲ್ಲ ಮೇಜಿನ ಮೇಲೆ ಹಸಿರು ಬೆಡ್‌ಶೀಟು ಹಾಸಿ, ಅದರಡಿ ಪುಸ್ತಕ ತುರುಕಿ ಗುಡ್ಡ ಅನ್ನುತ್ತಿದ್ದರು. ಶಿವಮೂರ್ತಿ ವಿದ್ಯಾರ್ಥಿಗಳಿಗೆಂದು ಮಾಡಿದ್ದ ಅಣೆಕಟ್ಟಿನ ಮಾದರಿ ನೋಡಿ ರವಿಕಿರಣ್ ಒಂದು ದಿನ "ನಮಗೂ ಒಂದು ನೆಲ ಮಾಡಿಕೊಡ್ತೀರಾ?" ಎಂದು ಕೇಳಿದ. ಮೂರು ವರ್ಷದ ಹಿಂದಿನ ಮಾತು. ಕೆಡದ ಹಾಗೆ, ಪ್ರತಿ ಸಲ ಬೇರೆ ಊರಾಗುವ ಹಾಗೆ ನೆಲವನ್ನು ಚೌಕ ಚೌಕವಾಗಿ ಕತ್ತರಿಸುವ ಉಪಾಯ ಶಿವಮೂರ್ತಿಯದೇ. ಎಲ್ಲ ಚೌಕಗಳ ಅಂಚೂ ಸರಿಯಾಗಿ ಒಂದಿಂಚು ಎತ್ತರ. ಕಾಲುವೆ ಅಂಚನ್ನು ಸೇರುವುದು ನಟ್ಟನಡುವಿನಲ್ಲಿಯೇ. ಹಾಗಾಗಿ ಯಾವ ಚೌಕವನ್ನು ಯಾವುದರ ಪಕ್ಕ ಇಟ್ಟರೂ ಕೂಡಿಕೊಳ್ಳುತ್ತದೆ, ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಯಾರಿಗೂ ತಿಳಿಯುವುದಿಲ್ಲ. ಅಂಚು ಕೆಡಬಾರದು. ಅಂಚಿನೊಳಗೆ ಏನು ಬೇಕಾದರೂ ಮಾಡಬಹುದು.

ರವಿಕಿರಣನ ತಂಡದಲ್ಲಿ ಆಡುವ ತಾರಿಖ್ ಮತ್ತು ಶಿವಮೂರ್ತಿ ಎರಡು ಟ್ರಿಪ್ಪಿನಲ್ಲಿ ಪೆಟ್ಟಿಗೆಗಳನ್ನು ಆಟೋಗೆ ಏರಿಸಿದರು. ಕುಣಿಗಲ್‌ನಲ್ಲಿ ತಾರಿಖ್‌ನ ಅಪ್ಪನಿಗೆ ಪ್ಲೈವುಡ್ ಅಂಗಡಿ, ಅಂಗಡಿಯ ಮೇಲೊಂದು ದೊಡ್ಡ ಹಾಲು. ಬೆಂಗಳೂರಿನ ತಂಡದವರಿಗೆ ಹೈವೇಯಲ್ಲಿ ಬಂದು ಹೋಗಲು ಅನುಕೂಲ ಎಂದು ಈ ಸಲ ಆಟ ಅಲ್ಲಿ. "ಮೂರ್ತಣ್ಣ, ಈ ಸಲ ಎಂಗಾದ್ರೂ ಮಾಡಿ ಗೆಲ್ಬೇಕು ಕಣಣ್ಣ. ಓದ್ಸಲ ಅಶ್ವಥ್ ಸಾರ್ ಟೀಮು ನಮ್ಮುನ್ನ ಚಟ್ನಿ ಮಾಡ್ಬುಟ್ರು" ಎಂದ ತಾರಿಖ್ ಗೇರು ಬದಲಿಸುತ್ತ. ಶಿವಮೂರ್ತಿ ಹದಿನಾಲ್ಕನೆಯದನ್ನು ಮಾತ್ರ ಹಿಂದಕ್ಕೆ ಹಾಕದೆ ತೊಡೆಯ ಮೇಲಿಟ್ಟುಕೊಂಡಿದ್ದ. ಹೋದ ಸಲ ಬೆಂಗಳೂರಿನ ಅಶ್ವಥ್ ಮೇಜನ್ನು ಸುತ್ತು ಹಾಕಿ, "ಯಾರು ಮಾಡಿದ್ದು ಇದು? ಅದ್ಭುತ!" ಎಂದಿದ್ದ. ರವಿಕಿರಣ್ ಸೊಂಟದ ಮೇಲೆ ಕೈಯಿಟ್ಟುಕೊಂಡು, ದೊರೆಯ ಹಾಗೆ ನೆಟ್ಟಗೆ ನಿಂತು, "ಇವ್ರು ನಮ್ಮ ಬೋರ್ಡ್ ಮಾಡೋರು" ಎಂದು ಗದ್ದ ಆಡಿಸಿ ತೋರಿಸಿದ್ದ. ಹೆಸರು ಹೇಳಲಿಲ್ಲ. ಅವತ್ತು ಒಬ್ಬ ಆಟಗಾರ ಬಂದಿರಲಿಲ್ಲ. ಶಿವಮೂರ್ತಿಗೆ ನಿಯಮಗಳೆಲ್ಲ ಬಾಯಿಪಾಠ. ಲ್ಯಾಬಿನಲ್ಲಿ ಕೂತು ಬೇರೆಯವರ ಆಟಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ಎಲ್ಲಿ ತಪ್ಪಿದರು ಎಂದು ಗುರುತು ಹಾಕುತ್ತಿದ್ದ. ಅವನು ಖಾಲಿ ಕುರ್ಚಿಯ ಹತ್ತಿರ ಹೋಗಿ ನಿಂತ. ಕೇಳಲಿಲ್ಲ, ಬರೀ ನಿಂತ. ರವಿಕಿರಣ್ ಅದನ್ನು ನೋಡಿ, "ನೀವು ಆರಾಮಾಗಿ ಕೂತಿರಿ ಶಿವಮೂರ್ತಿ. ಏನಾದ್ರೂ ಮುರಿದ್ರೆ ಅಂಟಿಸಕ್ಕೆ ನೀವು ಬೇಕಾಗ್ತೀರಿ" ಎಂದಿದ್ದ. ಪ್ರೀತಿಯಿಂದಲೇ ಅಂದ. ಅದೇ ತಡೆಯಲಾಗದ್ದು. ಬೈದಿದ್ದರೆ ಮನೆಗೆ ಹೋಗಿ ಮರೆಯಬಹುದಿತ್ತು.

ಆಟೋ ಕುಣಿಗಲ್ ಕೆರೆ ಏರಿಯ ಹತ್ತಿರ ಬಂದಾಗ ಶಿವಮೂರ್ತಿ ಮುಖ ಆ ಕಡೆ ತಿರುಗಿಸಿದ. ನೀರು ತುಂಬಿತ್ತು. ಏರಿಯ ಕೆಳಗೆ, ಕಾಲುವೆಯ ಪಕ್ಕ, ಆ ಹುಲ್ಲು. ಹೋದ ವರ್ಷ ಫೆಬ್ರವರಿಯಲ್ಲಿ ವಿದ್ಯಾರ್ಥಿಗಳ ಸರ್ವೆ ಕ್ಯಾಂಪು ಇಲ್ಲಿಯೇ ನಡೆದದ್ದು. ಕಂಪಾಸಿನ ಹತ್ತಿರ ಮೊಬೈಲು ಇರಕೂಡದೆಂದು ರವಿಕಿರಣ್ ಎಲ್ಲರ ಫೋನೂ ಬಸ್ಸಿನಲ್ಲಿ ಇಡಿಸಿದ್ದ. ಅವನೂ ಹುಡುಗರೂ ದಿಣ್ಣೆಯ ಮೇಲೆ ಉಪಕರಣ ಹೂಡಿಕೊಂಡರು. ಶಿವಮೂರ್ತಿ ಕೆಂಪು ಬಿಳಿ ಪಟ್ಟೆಯ ಕೋಲು ಹಿಡಿದು ಕಲ್ಲುಸೇತುವೆಯ ಹತ್ತಿರ ಹೋದ. "ಹಾಗೇ ನಿಂತಿರಿ, ಅಲ್ಲಾಡ್ಬೇಡಿ!" ಎಂದು ರವಿಕಿರಣ್ ಕೂಗಿದ. ನಿಂತ. ದಿಣ್ಣೆಯಿಂದ ಅಲ್ಲಿಗೆ ಎಲ್ಲ ಬಯಲು ಅನ್ನಿಸುತ್ತದೆ, ಆದರೆ ನೆಲ ನಡುವೆ ಉಬ್ಬಿ ಆಚೆ ತಗ್ಗುತ್ತದೆ. ಕೋಲೂ ಕಾಣುವುದಿಲ್ಲ, ಹಿಡಿದವನೂ ಕಾಣುವುದಿಲ್ಲ. ಕೋಲು ಕಾಣದೆ ಅವರು ಬೇರೆ ದಿಕ್ಕಿನ ಕೆಲಸ ಹಿಡಿದರು, ಅದು ಮುಗಿದ ಮೇಲೆ ಬಸ್ಸು ಹತ್ತಿ ಊಟಕ್ಕೆ ಹೋದರು. ಅವನಿಗೆ ಬಸ್ಸಿನ ಸದ್ದು ಕೇಳಿಸಿತ್ತು. ಡೀಸೆಲ್ ಹಾಕಿಸಲು ಹೋಗಿರಬೇಕು ಅಂದುಕೊಂಡ. ಅಲ್ಲಾಡಿದರೆ ಕೋನ ತಪ್ಪುತ್ತದೆ, ತಪ್ಪಿದರೆ ಎಲ್ಲ ಮೊದಲಿಂದ ಮಾಡಬೇಕು, ಬೈಗುಳ ಹುಡುಗರಿಗೆ. ಮೂಗಿನ ತುದಿಗೆ ಬೆವರು ಬಂದು ನಿಂತರೂ ಒರೆಸಿಕೊಳ್ಳಲಿಲ್ಲ. ಒಬ್ಬ ಮುದುಕ ಎಮ್ಮೆ ಹೊಡೆದುಕೊಂಡು ಬಂದು, "ಏನ್ಲಾ, ಬೆದರುಬೊಂಬೆ ಥರ ನಿಂತಿದೀಯಾ?" ಎಂದು ಕೇಳಿ ಹೋದ. ಒಂದು ಗಂಟೆ ಹತ್ತು ನಿಮಿಷ. ಅವರು ತಿಂದು ಬಂದರು. ಹುಡುಗರು ಕಂಡದ್ದೇ ನಕ್ಕರು. ರವಿಕಿರಣನೂ ನಕ್ಕ. "ಅಯ್ಯೋ, ನೀವಿನ್ನೂ ನಿಂತೇ ಇದೀರಾ? ಬರೋದಲ್ವಾ ಮಾರಾಯ್ರೇ!"

ಹಾಗೇ ನಿಂತಿರಿ. ಬರೋದಲ್ವಾ. ಇವತ್ತಿಗೂ ಗುಬ್ಬಿಯಿಂದ ತುಮಕೂರಿಗೆ ಹೋಗುವ ರೈಲಿನಲ್ಲಿ ಬಾಗಿಲ ಹತ್ತಿರ ನಿಂತರೆ ಆ ಎರಡು ಮಾತು ಕಿವಿಯಲ್ಲಿ ಕೂರುತ್ತವೆ. ನಿಲ್ಲು ಅಂದವನೂ ಅವನೇ, ಯಾಕೆ ನಿಂತೆ ಅಂದವನೂ ಅವನೇ. ಮರೆತಿದ್ದಕ್ಕಿಂತ ಹೆಚ್ಚು ಉರಿಸಿದ್ದು ಆ ನಗು: ಹೇಳಿದ ಮಾತು ಕೇಳಿದ್ದೇ ಪೆದ್ದುತನ ಎನ್ನುವ ಹಾಗೆ. ಆಮೇಲೆ ಒಂದು ದಿನ ರಜೆ ಹಾಕಿ ಅವನು ಒಬ್ಬನೇ ಕುಣಿಗಲ್‌ಗೆ ಬಂದು, ಆ ನೆಲವನ್ನು ದಾರ, ಟೇಪು, ಮಟ್ಟ ನೋಡುವ ನೀರಿನ ಪೈಪು ಹಿಡಿದು ಅಳೆದುಕೊಂಡು ಹೋಗಿದ್ದ. ಈ ವರ್ಷದ ಆಟಕ್ಕೆ ಹೊಸ ಬೋರ್ಡು ಬೇಕು, ಕೆರೆ ಏರಿ, ಗುಡ್ಡ, ಸೇತುವೆ ಎಲ್ಲ ಇರಲಿ, ನಾವು ಗುಡ್ಡದ ಕಡೆ, ಅವರು ಸೇತುವೆ ದಾಟಿ ಬರಬೇಕು ಎಂದು ರವಿಕಿರಣ್ ಹೇಳಿದಾಗ ಶಿವಮೂರ್ತಿಗೆ ಮೈ ಜುಮ್ಮೆಂದಿತ್ತು. ಕೇಳದೆಯೇ ಕತ್ತು ತಂದು ಕೊಟ್ಟಿದ್ದಾನೆ. ಆಟದ ನಿಯಮ ಸರಳ: ಫಿರಂಗಿಯ ಹಿಂದೆ ಬಗ್ಗಿ, ಗೊಂಬೆಯ ಕಣ್ಣಿಗೆ ತನ್ನ ಕಣ್ಣು ಸಮ ಮಾಡಿ ನೋಡಬೇಕು, ಗುರಿ ಕಂಡರೆ ಮಾತ್ರ ಹೊಡೆಯಬಹುದು. ಒಮ್ಮೆ ಇಟ್ಟ ಫಿರಂಗಿಯನ್ನು ಆಟ ಮುಗಿಯುವವರೆಗೆ ಕದಲಿಸುವಂತಿಲ್ಲ. ಎಲ್ಲರೂ ಇಡುವ ಮೊದಲು ಬಗ್ಗಿ ನೋಡುತ್ತಾರೆ. ರವಿಕಿರಣ್ ಒಬ್ಬನೇ ಬಗ್ಗುವುದಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಮೇಲಿಂದ ಕಣ್ಣಾಡಿಸಿ, ಎಲ್ಲಕ್ಕಿಂತ ಎತ್ತರದ ಗುಡ್ಡ ತೋರಿಸಿ "ಅಲ್ಲಿ" ಅನ್ನುತ್ತಾನೆ. ಬಗ್ಗುವವರು ಬೇರೆ ಇದ್ದಾರಲ್ಲ. ಆ ಗುಡ್ಡಕ್ಕೂ ಸೇತುವೆಗೂ ನಡುವೆಯೇ ಹದಿನಾಲ್ಕನೇ ಚೌಕದ ಉಬ್ಬು. ಈ ಸಲ ಎಲ್ಲರ ಮುಂದೆ ಬಗ್ಗಬೇಕು ನೀನು, ನೆಲಕ್ಕೆ ಮೊಣಕಾಲೂರಬೇಕು ಎಂದು ಅಂದುಕೊಳ್ಳುತ್ತ ಶಿವಮೂರ್ತಿ ಕಾದ ತಂತಿಯಲ್ಲಿ ಥರ್ಮಾಕೋಲು ಸೀಳುತ್ತಿದ್ದ. ಹೊಗೆಗೆ ಕಣ್ಣು ಉರಿಯುತ್ತಿತ್ತು, ಬಿಡುತ್ತಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಇಪ್ಪತ್ತನಾಲ್ಕು ಚೌಕಗಳೂ ಮೇಜಿನ ಮೇಲೆ ಕೂತವು. ಒಂದು ಚಪ್ಪಟೆ ಚೌಕ ಹೆಚ್ಚಾಗಿ ಉಳಿದು ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿತ್ತು; ಸೇತುವೆ, ಕಾಲುದಾರಿ ಎಲ್ಲ ಹದಿನಾಲ್ಕರಂತೆಯೇ, ಉಬ್ಬು ಒಂದಿಲ್ಲ. ಮೊದಲು ಮಾಡಿದ್ದು ಅದನ್ನೇ, ಕೈಗೆ ಅಳತೆ ಸಿಗಲೆಂದು. ಬೆಂಗಳೂರಿನ ಅಶ್ವಥ್ ಜೊತೆಯವರನ್ನು ಕರೆದುಕೊಂಡು ಬಂದ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಕೇಳಿಸಿತು. ಒಂದು ಹೆಜ್ಜೆ, ತಡ, ಇನ್ನೊಂದು ಹೆಜ್ಜೆ. ರವಿಕಿರಣ್ ತಾರಿಖ್‌ನ ಭುಜ ಹಿಡಿದುಕೊಂಡು ಮೇಲೆ ಬಂದ. ಮುಖ ಬೆಳ್ಳಗಾಗಿತ್ತು. ಶರ್ಟಿನೊಳಗೆ ಅಗಲವಾದ ಬೆಲ್ಟು ಉಬ್ಬಿ ಕಾಣುತ್ತಿತ್ತು. ಕುರ್ಚಿಯ ಎರಡೂ ಕೈ ಹಿಡಿದು, ಹಲ್ಲು ಕಚ್ಚಿ ಕೂತ.

"ಏನಾಯ್ತು ಸಾರ್?"

"ಬೆನ್ನಲ್ಲಿ ಡಿಸ್ಕು ಶಿವಮೂರ್ತಿ. ಎರಡು ವರ್ಷದ್ದು. ನಿಮಗೆ ಗೊತ್ತಿರ್ಲಿಲ್ವಾ? ಬಗ್ಗಕ್ಕೇ ಆಗಲ್ಲ ನಂಗೆ. ಡಿಪಾರ್ಟ್‌ಮೆಂಟಲ್ಲಿ ಹೇಳ್ಕೊಂಡ್ರೆ ಕ್ಯಾಂಪಿಗೆ ಬೇರೆಯವ್ರನ್ನ ಹಾಕ್ತಾರೆ ಅಂತ ಸುಮ್ನಿದ್ದೆ." ಅವನು ಮೇಜಿನ ಕಡೆ ನೋಡಿದ. ನೋಡುತ್ತಲೇ ಇದ್ದ. "ಎಷ್ಟು ಚೆನ್ನಾಗಿದೆ ರೀ. ಕುಣಿಗಲ್ ಕೆರೆ ಅಲ್ವಾ ಇದು?" ಮತ್ತೆ, ಉಸಿರು ತೆಗೆದುಕೊಂಡು, "ಇವತ್ತು ನನ್ ಕೈಲಿ ನಿಂತು ಆಡಕ್ಕಾಗಲ್ಲ. ನನ್ನ ಜಾಗದಲ್ಲಿ ನೀವು ಆಡಿ."

ಶಿವಮೂರ್ತಿಗೆ ತಕ್ಷಣ ಏನೂ ಅರ್ಥವಾಗಲಿಲ್ಲ. ಮೂರು ವರ್ಷ ಈ ಒಂದು ಮಾತಿಗೆ ಕಾದಿದ್ದ, ಬಂದದ್ದು ಇವತ್ತು. ಸೊಂಟದ ಮೇಲಿನ ಕೈ, ದೊರೆಯ ನಿಲುವು, ಅದೆಲ್ಲ ನೋವಾಗಿತ್ತೇ? ತಾನು ಒಂದು ವರ್ಷ ದ್ವೇಷಿಸಿದ್ದು ಒಂದು ಬೆಲ್ಟನ್ನೇ? ನಾಚಿಕೆ ಕುತ್ತಿಗೆಯಿಂದ ಕಿವಿಗೆ ಏರಿತು. ಏನನ್ನೋ ಹುಡುಕುವವನಂತೆ ಅವನು ಮೇಜಿನ ಕೆಳಗೆ ಬಗ್ಗಿ, ಪೆಟ್ಟಿಗೆಯ ಮುಚ್ಚಳ ತೆಗೆದು, ಚಪ್ಪಟೆ ಚೌಕದ ಮೇಲೆ ಕೈಯಿಟ್ಟ. "ಒಂದು ಪೀಸ್ ಸರಿಯಾಗಿ ಕೂತಿಲ್ಲ" ಎಂದು ಹೇಳಿ ಬದಲಾಯಿಸಿದರೆ ಮುಗಿಯಿತು. ಅಂಚಿಗೆ ಅಂಚು ಕೂಡುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ತಾನೂ ನಾಳೆಯಿಂದ ಮರೆಯಬಹುದು. ಮೇಲೆ ಅಶ್ವಥ್ ಕೇಳುತ್ತಿದ್ದ, "ಇವ್ರಿಗೆ ಆಡಕ್ಕೆ ಬರುತ್ತಾ?" ರವಿಕಿರಣ್ ನಗುತ್ತ ಹೇಳಿದ, "ಪರವಾಗಿಲ್ಲ ಬಿಡಿ, ನಾನು ಹಿಂದಿಂದ ಹೇಳ್ಕೊಡ್ತೀನಿ. ಹೇಳಿದ್ದು ಮಾಡ್ತಾರೆ. ಪಾಪ, ನಿಲ್ಲಿ ಅಂದ್ರೆ ದಿನಾಪೂರ್ತಿ ನಿಲ್ತಾರೆ." ಎಲ್ಲರೂ ನಕ್ಕರು. ಶಿವಮೂರ್ತಿ ಮೇಜಿನ ಕೆಳಗೆ, ಅವರೆಲ್ಲರ ಚಪ್ಪಲಿ ಬಿಟ್ಟ ಕಾಲುಗಳ ನಡುವೆ, ಪೆಟ್ಟಿಗೆಯ ಮುಚ್ಚಳ ಮುಚ್ಚಿದ.

ಎದ್ದು ನಿಂತಾಗ ಅವನ ಮುಖದಲ್ಲಿ ಏನೂ ಇರಲಿಲ್ಲ. ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ಇಟ್ಟುಕೊಂಡ ಮುಖ ಅದು. ಮೂರು ಫಿರಂಗಿಗಳು ಅಂಗೈಯಲ್ಲಿ ತಣ್ಣಗಿದ್ದವು. ಬಲಗಡೆ ಒಂದು ಸಣ್ಣ ದಿಬ್ಬವಿತ್ತು. ಅಲ್ಲಿಂದ ಸೇತುವೆ ಅಂಗೈ ರೇಖೆಯಷ್ಟು ಸ್ಪಷ್ಟ. ಅದನ್ನೂ ಅವನೇ ಮಾಡಿದ್ದ. ಅಲ್ಲಿ ಇಟ್ಟರೆ ಗೆಲುವು ಗ್ಯಾರಂಟಿ. ಗೆದ್ದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು: ನಾನು ಹಿಂದಿನಿಂದ ಹೇಳಿಕೊಟ್ಟೆ.

"ಫಿರಂಗಿ ಎಡಗಡೆ ಗುಡ್ಡದ ಮೇಲಿಡಿ. ಎತ್ತರದ್ದು" ಎಂದ ರವಿಕಿರಣ್ ಕುರ್ಚಿಯಿಂದ.

"ಇಡ್ಲಾ ಸಾರ್?"

"ಇಡಿ ಇಡಿ."

"ಇಟ್ಮೇಲೆ ತೆಗೆಯೋ ಹಾಗಿಲ್ಲ ಸಾರ್."

"ಗೊತ್ತು ರೀ. ಇಡಿ ನೀವು."

ಇಟ್ಟ. ಒಂದು, ಎರಡು, ಮೂರು. ಸಾಹೇಬರು ಹೇಳಿದ ಹಾಗೆ. ಇಷ್ಟು ಸುಖ ಯಾವ ಕೆಲಸದಲ್ಲೂ ಅವನಿಗೆ ಸಿಕ್ಕಿರಲಿಲ್ಲ. ಹೇಳಿದ ಮಾತು ಕೇಳುವುದರಲ್ಲಿ ಇಷ್ಟು ವಿಷ ಇರಬಹುದೆಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಅಶ್ವಥ್‌ನ ಕುದುರೆಗಳು ಸೇತುವೆಯತ್ತ ಬಂದವು. "ಹೊಡೀರಿ" ಎಂದ ರವಿಕಿರಣ್. ಶಿವಮೂರ್ತಿ ಗುಡ್ಡದ ಹಿಂದೆ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿ, "ಕಾಣ್ತಿಲ್ಲ ಸಾರ್" ಎಂದ. ಎರಡನೇ ಸರದಿಗೆ ಕಾಲಾಳುಗಳು ಸೇತುವೆಯ ಮೇಲಿದ್ದರು. "ಈಗ?" "ಕಾಣ್ತಿಲ್ಲ ಸಾರ್." "ಸರಿಯಾಗಿ ನೋಡಿ ರೀ, ಎದುರಿಗೇ ಇದೆ!" ಮೂರನೇ ಸರದಿಗೆ ಅರ್ಧ ಸೈನ್ಯ ದಾಟಿ ಈಚೆಗೆ ಬಂದಿತ್ತು. ತಾರಿಖ್ ತಲೆ ಮೇಲೆ ಕೈಹೊತ್ತು ನಿಂತಿದ್ದ. "ಏನ್ ಮೂರ್ತಣ್ಣ ಇದು, ನೀವೇ ಮಾಡಿದ್ದಲ್ವಾ?" ಎಂದು ಅಳುವ ಹಾಗೆ ಕೇಳಿದ. ರವಿಕಿರಣ್ ಕುರ್ಚಿಯ ಕೈ ಒತ್ತಿ ಎದ್ದ. ಯಾರೋ ಬೇಡ ಸಾರ್ ಅಂದರು. ಅವನು ಮೇಜಿನ ಅಂಚು ಹಿಡಿದು, ಒಂದು ಮೊಣಕಾಲು ಊರಿದ, ಬಾಯಿಂದ ಸಣ್ಣ ಸದ್ದು ಬಂತು, ಇನ್ನೊಂದನ್ನೂ ಊರಿದ. ಕತ್ತು ತಗ್ಗಿಸಿ ಫಿರಂಗಿಯ ಹಿಂದೆ ಕಣ್ಣಿಟ್ಟ. ಶಿವಮೂರ್ತಿ ಪಕ್ಕದಲ್ಲೇ ನಿಂತು ಅವನ ನೆತ್ತಿ ನೋಡುತ್ತಿದ್ದ. ಕೂದಲು ತೆಳ್ಳಗಾಗಿ ನೆತ್ತಿಯ ಚರ್ಮ ಕಾಣುತ್ತಿತ್ತು. ಒಂದು ವರ್ಷದಿಂದ ಕನಸಿನಲ್ಲಿ ಕಂಡದ್ದು ಇದೇ. ಆದರೆ ಕನಸಿನಲ್ಲಿ ಆ ನೆತ್ತಿಯ ಮೇಲೆ ಬೆವರಿರಲಿಲ್ಲ.

"ಹೌದು. ಏನೂ ಕಾಣಲ್ಲ. ನೆಲ ಅಡ್ಡ ಬರುತ್ತೆ" ಎಂದ ರವಿಕಿರಣ್. "ತಪ್ಪು ನಂದೇ. ಮೊದಲೇ ನೋಡ್ಬೇಕಿತ್ತು."

"ನಿಮ್ಮದಲ್ಲ ಸಾರ್" ಎಂದ ಅಶ್ವಥ್ ಸಮಾಧಾನದ ದನಿಯಲ್ಲಿ. "ಮನೇಲಿ ಕೂತು ಮಾಡಿದ ಬೋರ್ಡಲ್ವಾ, ಅಳತೆ ಹೆಚ್ಚುಕಮ್ಮಿ ಆಗಿರುತ್ತೆ. ಪಾಪ, ಅವ್ರಾದ್ರೂ ಎಷ್ಟು ಅಂತ ನೋಡ್ತಾರೆ."

ಶಿವಮೂರ್ತಿ ಸುಮ್ಮನಿದ್ದಿದ್ದರೆ ಸಾಕಾಗಿತ್ತು. ತಪ್ಪು ರವಿಕಿರಣನದೆಂದು ರವಿಕಿರಣನೇ ಒಪ್ಪಿದ್ದ, ಆಟ ಸೋತಿತ್ತು, ಮೊಣಕಾಲು ನೆಲದ ಮೇಲಿತ್ತು; ಬಯಸಿದ್ದೆಲ್ಲ ಸಿಕ್ಕಿತ್ತು. ಏನನ್ನು ಬೇಕಾದರೂ ನುಂಗಬಲ್ಲವನು ಆ ಒಂದು ಮಾತನ್ನು ನುಂಗಲಾರದೆ ಹೋದ.

"ಅಳತೆ ತಪ್ಪಿಲ್ಲ" ಎಂದ. ದನಿ ತನ್ನದಲ್ಲ ಅನ್ನಿಸಿತು. "ಒಂಬತ್ತು ಮಿಲಿಮೀಟರು. ಹತ್ತೂ ಅಲ್ಲ, ಎಂಟೂ ಅಲ್ಲ. ಟೇಪ್ ಹಿಡಿದು ನೋಡ್ಕೊಳ್ಳಿ ಬೇಕಾದ್ರೆ. ಬೇಕು ಅಂತಲೇ ಇಟ್ಟಿದೀನಿ."

ಕೆಳಗೆ ಅಂಗಡಿಯಲ್ಲಿ ಪ್ಲೈವುಡ್ ಕುಯ್ಯುವ ಯಂತ್ರ ಒಂದು ಸಲ ಕೂಗಿ ನಿಂತಿತು. ತಾರಿಖ್ ಮಾತ್ರ ಅವನ ಮುಖವನ್ನೇ ನೋಡುತ್ತಿದ್ದ. ಇನ್ನು ಈ ಮೇಜಿನ ಹತ್ತಿರ ತನಗೆ ಕುರ್ಚಿಯಿಲ್ಲ, ಅಂಟಿಸುವುದಕ್ಕೂ ಕರೆಯುವುದಿಲ್ಲ ಎಂಬುದು ಶಿವಮೂರ್ತಿಗೆ ಆ ನೋಟದಲ್ಲೇ ತಿಳಿಯಿತು.

"ಬೇಕು ಅಂತಲೇ?" ರವಿಕಿರಣ್ ಕತ್ತು ಹೊರಳಿಸಲಾಗದೆ ಸೇತುವೆಯ ಕಡೆಗೇ ನೋಡುತ್ತ ಕೇಳಿದ. "ಯಾಕೆ?"

"ಅಲ್ಲಿ ನಿಂತಿದ್ದು ನಾನು ಸಾರ್."

"ಎಲ್ಲಿ?"

ನೆನಪಿರಲಿಲ್ಲ. ನಟನೆಯಲ್ಲ, ನಿಜಕ್ಕೂ ಇರಲಿಲ್ಲ. ಈಗಷ್ಟೇ ಅದನ್ನೇ ಹೇಳಿ ನಗಿಸಿದವನಿಗೆ ಅದು ಒಂದು ನಗೆಮಾತಾಗಿ ಉಳಿದಿತ್ತು. ನೆಲ, ಬಿಸಿಲು, ಕೋಲು, ಹಿಡಿದವನು ಯಾವುದೂ ಉಳಿದಿರಲಿಲ್ಲ. ರವಿಕಿರಣ್ ಏಳಲು ನೋಡಿದ, ಆಗಲಿಲ್ಲ. ಮುಖ ಹಿಂಡಿಹೋಯಿತು. "ಹಿಡ್ಕೊಂಡ್ಬಿಡ್ತು. ಶಿವಮೂರ್ತಿ, ಸ್ವಲ್ಪ ಕೈ ಕೊಡಿ" ಎಂದು, ಅವನು ಎಲ್ಲಿದ್ದಾನೆಂದು ನೋಡದೆಯೇ, ಒಂದು ಕೈಯನ್ನು ಹಿಂದಕ್ಕೆ ಚಾಚಿದ.

"ಹಾಗೇ ಇರಿ ಸಾರ್" ಎಂದ ಶಿವಮೂರ್ತಿ ಮೆಲ್ಲಗೆ. "ಅಲ್ಲಾಡ್ಬೇಡಿ. ಬಂದೆ."

ಮೆಟ್ಟಿಲಿಳಿದ. ಅಂಗಡಿಯ ಪಕ್ಕದ ನಲ್ಲಿಯ ಹತ್ತಿರ ಬಂದು ಕೈ ತೊಳೆದುಕೊಂಡ. ಉಗುರ ಸಂದಿಯಲ್ಲಿ ಹಸಿರು ಬಣ್ಣ ಇನ್ನೂ ಇತ್ತು, ತಿಕ್ಕಿದರೂ ಹೋಗಲಿಲ್ಲ. ಎದುರಿಗೆ ರಸ್ತೆ, ಬಸ್ಸುಗಳು, ಭಾನುವಾರದ ಜನ. ಕಿಟಕಿಯಿಂದ ತಾರಿಖ್ ತಲೆ ಹೊರಹಾಕಿ ಕೂಗಿದ. "ಮೂರ್ತಣ್ಣ! ಬೇಗ ಬನ್ನಿ ಅಣ್ಣ! ಸಾರ್ ಎದ್ದೇಳಕ್ಕೆ ಆಗ್ತಿಲ್ಲ. ನಾವು ಎತ್ತಕ್ ಓದ್ರೆ ಮುಟ್ಟಕ್ಕೇ ಬುಡ್ತಿಲ್ಲ. ಶಿವಮೂರ್ತಿ ಅಲ್ಲಾಡ್ಬೇಡಿ ಅಂದವ್ರೆ, ಏನೋ ತರಕ್ಕೋಗಿರ್ಬೇಕು, ಬರ್ತಾರೆ ಇರಿ ಅಂತವ್ರೆ!"

ಶಿವಮೂರ್ತಿ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ವಾಚು ನೋಡಿದ. ನಾಲ್ಕು ನಿಮಿಷವಾಗಿತ್ತು.